ಎಂಟಾಣೆಯ ತೊಟ್ಟಿಲು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಈಗ ಆತನೂ ಐವತ್ತು ದಾಟಿದ ಗೃಹಸ್ಥ. ಮಗಳು ಅಮೆರಿಕದಲ್ಲಿದ್ದಾಳಂತೆ, ಬರುವ ಬೇಸಿಗೆಯಲ್ಲಿ ಅಪ್ಪ ಅಮ್ಮನನ್ನು ಫ್ಲಾರಿಡಾದ ಡಿಸ್ನಿ ವರ್ಲ್ಡಿಗೆ ಕರೆದೊಯ್ಯುವ ಯೋಜನೆ ಹಾಕಿದ್ದಾಳಂತೆ. "ಸಾರ್, ನೀವು ಹೋಗಿ ಬಂದಿದ್ದೀರಲ್ಲ, ಹೇಗಿದೆ? ನಮ್ಮಂಥ ವಯಸ್ಸಾದವರಿಗೆ ಹಿಡಿಸುತ್ತದೆಯೇ?" ಎಂದು ಕೇಳಿದ. "ಚೆನ್ನಾಗಿದೆ, ಹೋಗಿ ಬನ್ನಿ" ಎಂದು ಹೇಳಿ ಫೋನು ಇಟ್ಟೆ. ಇಟ್ಟ ಮೇಲೆ, ಗಣಿತದ ಪರೀಕ್ಷೆಯಲ್ಲಿ ಲೆಕ್ಕ ಬಿಡಿಸದೆ ಉತ್ತರವನ್ನಷ್ಟೇ ಬರೆದ ಹುಡುಗನಂತಾಯಿತು ನನ್ನ ಸ್ಥಿತಿ. ಅಂಥ ಉತ್ತರಕ್ಕೆ ನಾನು ಎಂದೂ ಪೂರ್ಣ ಅಂಕ ಕೊಟ್ಟವನಲ್ಲ ಎಂಬುದು ನಿಮಗೆಲ್ಲ ಗೊತ್ತು. ಆದ್ದರಿಂದ ಈಗ ಲೆಕ್ಕವನ್ನು ಬಿಡಿಸಿ ತೋರಿಸುತ್ತಿದ್ದೇನೆ.

ನಾವು ಹೋದದ್ದು 2007ರ ಏಪ್ರಿಲ್ ತಿಂಗಳಿನಲ್ಲಿ. ನನಗೆ ಆಗ ಅರವತ್ತೈದು, ನಿವೃತ್ತಿಯಾಗಿ ಏಳು ವರ್ಷ. ಮಗ ಅಟ್ಲಾಂಟಾದಲ್ಲಿದ್ದ. ಮೊಮ್ಮಗಳಿಗೆ ಒಂಬತ್ತು, ಮೊಮ್ಮಗನಿಗೆ ಐದು. ಮಕ್ಕಳಿಗೆ ವಸಂತದ ರಜೆ ಬಂದಿತ್ತು. ಸೊಸೆ ರಾತ್ರಿಯೆಲ್ಲ ಎದ್ದು ಚಪಾತಿ, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಕಟ್ಟಿಕೊಂಡಳು. ಮುಂಜಾನೆ ನಾಲ್ಕಕ್ಕೆ ಹೊರಟು ಎಂಟು ಗಂಟೆಗಳ ಕಾಲ ಕಾರಿನಲ್ಲಿ ಕುಳಿತು ಓರ್ಲಾಂಡೊ ತಲುಪಿದೆವು. ದಾರಿಯುದ್ದಕ್ಕೂ ಮೊಮ್ಮಗ "ಬಂತಾ ಅಜ್ಜ?" ಎಂದು ಕೇಳುತ್ತಲೇ ಇದ್ದ. ನನ್ನಾಕೆ ಮಾತ್ರ ಕಿಟಕಿಯ ಹೊರಗೆ ನೋಡುತ್ತ, "ಇಷ್ಟು ದೂರ ಬಂದರೂ ಒಂದು ಗುಡ್ಡವಿಲ್ಲವಲ್ಲ" ಎಂದಳು. ಮಲೆನಾಡಿನ ಹೆಂಗಸು, ಗುಡ್ಡ ಕಾಣದಿದ್ದರೆ ದಿಕ್ಕು ತಿಳಿಯುತ್ತಿರಲಿಲ್ಲ.

ಆ ಸ್ಥಳದ ಬಗ್ಗೆ ನಾಲ್ಕು ಮಾತು ಹೇಳಬೇಕು. ವಾಲ್ಟ್ ಡಿಸ್ನಿ 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತನ್ನ ಮೊದಲ ವಿಹಾರಧಾಮವನ್ನು ತೆರೆದ. ಅದರ ಸುತ್ತ ಹೋಟೆಲು ಅಂಗಡಿಗಳು ಮುತ್ತಿಕೊಂಡದ್ದನ್ನು ಕಂಡು, ಎರಡನೆಯದಕ್ಕೆ ವಿಶಾಲವಾದ ನೆಲವೇ ಬೇಕೆಂದು ಫ್ಲಾರಿಡಾದ ಜೌಗು ಭೂಮಿಯನ್ನು ಆರಿಸಿಕೊಂಡ. ಕೊಳ್ಳುವವರು ಯಾರೆಂದು ತಿಳಿದರೆ ಬೆಲೆ ಏರುತ್ತದೆಂದು ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಗುಟ್ಟಾಗಿ ಇಪ್ಪತ್ತೇಳು ಸಾವಿರ ಎಕರೆಗೂ ಮಿಕ್ಕಿ ಜಮೀನು ಕೊಂಡರು. ಆದರೆ 1966ರ ಡಿಸೆಂಬರಿನಲ್ಲಿ ವಾಲ್ಟ್ ತೀರಿಕೊಂಡ. ಆಗ ನಿವೃತ್ತಿಯ ಸಿದ್ಧತೆಯಲ್ಲಿದ್ದ ಆತನ ಅಣ್ಣ ರಾಯ್, ತನ್ನ ವಿಶ್ರಾಂತಿಯನ್ನು ಮುಂದೂಡಿ ಕೆಲಸವನ್ನು ಕೈಗೆತ್ತಿಕೊಂಡು, 1971ರ ಅಕ್ಟೋಬರ್ 1ರಂದು ಬಾಗಿಲು ತೆರೆಸಿದ. ತಮ್ಮನ ಪೂರ್ತಿ ಹೆಸರೇ ಇರಬೇಕೆಂದು 'ವಾಲ್ಟ್ ಡಿಸ್ನಿ ವರ್ಲ್ಡ್' ಎಂದು ಕರೆಸಿದವನೂ ಅವನೇ. ಅದೇ ಡಿಸೆಂಬರಿನಲ್ಲಿ ರಾಯ್ ಕೂಡ ತೀರಿಕೊಂಡ. ಬಾಗಿಲು ತೆರೆದ ಮೇಲೆ ಅವನಿಗೆ ಸಿಕ್ಕಿದ್ದು ಮೂರು ತಿಂಗಳೂ ಅಲ್ಲ. ವಾಲ್ಟ್‌ನ ವಿಗ್ರಹದ ಮುಂದೆ ಜನರೆಲ್ಲ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನನಗೆ ಮಾತ್ರ ಈ ಅಣ್ಣನ ನೆನಪೇ ಹೆಚ್ಚು ಕಾಡಿತು.

ಮೊದಲ ದಿನ ಮ್ಯಾಜಿಕ್ ಕಿಂಗ್‌ಡಮ್. ನಾವು ನಡೆದಾಡುತ್ತಿದ್ದುದು ನಿಜವಾಗಿ ನೆಲದ ಮೇಲಲ್ಲ, ಮೊದಲ ಮಹಡಿಯ ಮೇಲೆ ಎಂದು ಮಗ ವಿವರಿಸಿದ. ಅಂತರ್ಜಲ ತೀರಾ ಮೇಲಿರುವುದರಿಂದ ಸುರಂಗ ತೋಡುವ ಬದಲು ನೆಲಮಟ್ಟದಲ್ಲೇ ಸುರಂಗದಾರಿಗಳನ್ನು ಕಟ್ಟಿ, ಅದರ ಮೇಲೆ ಮಣ್ಣು ಪೇರಿಸಿ ಊರನ್ನು ಎಬ್ಬಿಸಿದ್ದಾರಂತೆ. ಕೆಲಸಗಾರರು, ಕಸ, ಸಾಮಾನು ಸರಂಜಾಮು ಎಲ್ಲವೂ ಕೆಳಗಿನಿಂದಲೇ ಓಡಾಡುತ್ತವೆ. ಈ ಜಾಣ್ಮೆಯನ್ನು ಮೆಚ್ಚಿಕೊಂಡೆ. ಮೊಮ್ಮಗಳು ಒಂದು ಪುಟ್ಟ ಪುಸ್ತಕ ಹಿಡಿದು ಮಿಕ್ಕಿಯ ಹಸ್ತಾಕ್ಷರಕ್ಕಾಗಿ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತಳು. ನಾಲ್ಕೇ ಬೆರಳಿನ ದಪ್ಪ ಕೈಗವಸು ತೊಟ್ಟು ಆತ ಬರೆದ ದುಂಡಗಿನ ಅಕ್ಷರವನ್ನು ನೋಡಿ, ನನ್ನ ಎಷ್ಟೋ ಶಿಷ್ಯರು ಬರಿಗೈಯಲ್ಲೂ ಹೀಗೆ ಬರೆಯಲಿಲ್ಲವಲ್ಲ ಎಂದುಕೊಂಡೆ. (ಯಾರೆಂದು ಹೇಳುವುದಿಲ್ಲ, ನೀವೇ ಊಹಿಸಿಕೊಳ್ಳಿ.)

ಇಷ್ಟು ಮೆಚ್ಚುತ್ತಲೇ ನಾನು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದೆ. ಕಣ್ಣಿಗೆ ಬಿದ್ದ ಪ್ರತಿಯೊಂದು ಬೆಲೆಯನ್ನೂ ರೂಪಾಯಿಗೆ ಪರಿವರ್ತಿಸುವುದು. ಆಗ ಡಾಲರಿಗೆ ನಲವತ್ತು ರೂಪಾಯಿಯ ಆಸುಪಾಸು. ಒಂದು ಬಾಟಲಿ ನೀರು ಕೊಂಡರೆ "ನೂರು ರೂಪಾಯಿ" ಎನ್ನುತ್ತಿದ್ದೆ. ಮೊಮ್ಮಗ ಬಲೂನು ತೋರಿಸಿದರೆ ಮನಸ್ಸಿನಲ್ಲೇ ಗುಣಿಸಿ ಉತ್ತರವನ್ನು ಗಟ್ಟಿಯಾಗಿ ಹೇಳುತ್ತಿದ್ದೆ. ಅದು ಬೈಗುಳವಲ್ಲ, ದೂರೂ ಅಲ್ಲ, ಮೂವತ್ತೈದು ವರ್ಷ ಲೆಕ್ಕ ಹೇಳಿಕೊಟ್ಟವನ ಚಾಳಿ. ಮಗ ಎರಡು ಸಲ ನಕ್ಕ. ಮೂರನೆಯ ಸಲ ನಗಲಿಲ್ಲ. ಸೊಸೆ ಬಲೂನನ್ನು ಕೊಡಿಸದೆ ಮಗುವಿನ ಕೈ ಹಿಡಿದುಕೊಂಡು ಮುಂದೆ ನಡೆದಳು. ಅದನ್ನು ನಾನು ಗಮನಿಸಿದೆನಾದರೂ, ಮಿತವ್ಯಯದ ಪಾಠ ಅವಳಿಗೆ ತಟ್ಟಿತೆಂದೇ ಭಾವಿಸಿದೆ.

ಅಂದು ರಾತ್ರಿ ವಸತಿಗೃಹದಲ್ಲಿ ಮಕ್ಕಳು ಮಲಗಿದ ಮೇಲೆ ನಾನು ದಿನಚರಿ ತೆರೆದು ಕುಳಿತೆ. ಟಿಕೆಟ್ಟು, ಪೆಟ್ರೋಲು, ವಸತಿ, ತಿಂಡಿ ಎಲ್ಲವನ್ನೂ ಅಂದಾಜಿನಲ್ಲಿ ಬರೆದು ಕೂಡಿಸಿದೆ. ಮಗ ಬಂದು ಬಗ್ಗಿ ನೋಡಿದ.

"ಏನಪ್ಪಾ ಬರೀತಿದೀರಿ?"

"ನಾಲ್ಕು ದಿನಕ್ಕೆ ನನ್ನ ಹತ್ತು ತಿಂಗಳ ಪಿಂಚಣಿ ಆಗುತ್ತದಲ್ಲೋ" ಎಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ, "ಜಾತ್ರೇಲೂ ನೀವು ಹೀಗೇ ಲೆಕ್ಕ ಹೇಳಿದ್ರಿ. ತೊಟ್ಟಿಲಿಗೆ ಎಂಟಾಣೆ, ಎಂಟಾಣೆಗೆ ಒಂದು ನೋಟ್‌ಬುಕ್ ಬರತ್ತೆ ಅಂತ" ಎಂದು ಹೇಳಿ ದೀಪ ಆರಿಸಿ ಹೋಗಿ ಮಲಗಿದ.

ಇಲ್ಲಿ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯ ಈ ತೊಟ್ಟಿಲ ಕತೆಯನ್ನು ನಿಮ್ಮಲ್ಲಿ ಅನೇಕರು ತರಗತಿಯಲ್ಲಿ ಕೇಳಿದ್ದೀರಿ. ಒಂಬತ್ತು ವರ್ಷದ ನನ್ನ ಮಗ ಜಾಯಿಂಟ್ ವೀಲಿನ ಮುಂದೆ ನಿಂತು, ಕೈಯಲ್ಲಿದ್ದ ಎಂಟಾಣೆಯನ್ನು ನೋಡಿ, "ಬೇಡ ಅಪ್ಪ, ನೋಟ್‌ಬುಕ್ಕೇ ಇರಲಿ" ಎಂದನೆಂದು ಪ್ರತಿ ವರ್ಷವೂ ಹೊಸ ತರಗತಿಗೆ ಹೇಳುತ್ತಿದ್ದೆ. ಅವನೇ ನನ್ನ ತರಗತಿಯಲ್ಲಿ ಕುಳಿತಿದ್ದ ವರ್ಷವೂ ಹೇಳಿದ್ದೆ. ಅವನು ಹಾಗೆ ಹೇಳಿರಲಿಲ್ಲ. ತೊಟ್ಟಿಲು ಮೇಲೆ ಹೋಗಿ ಕೆಳಗೆ ಬರುವುದನ್ನು ಬಹಳ ಹೊತ್ತು ನೋಡಿದ್ದ. ಲೆಕ್ಕ ಹೇಳಿದವನು ನಾನು. ನೋಟ್‌ಬುಕ್ ಕೊಂಡವನೂ ನಾನು. ಕತೆ ಹೇಳುತ್ತ ಹೇಳುತ್ತ ಆ ಮಾತನ್ನು ಅವನ ಬಾಯಿಗೆ ಹಾಕಿದವನೂ ನಾನೇ. ಎಷ್ಟು ಸಲ ಹೇಳಿದ್ದೆನೆಂದರೆ ನನಗೇ ಅದು ನಿಜವೆನಿಸಿತ್ತು. ಆ ರಾತ್ರಿ ಓರ್ಲಾಂಡೊದ ವಸತಿಗೃಹದಲ್ಲಿ ಹವಾನಿಯಂತ್ರಣದ ಸದ್ದು ಕೇಳುತ್ತ ಬೆಳಗಿನವರೆಗೆ ಎಚ್ಚರವಿದ್ದೆ.

ಮರುದಿನ ಅನಿಮಲ್ ಕಿಂಗ್‌ಡಮ್. ದಿನಚರಿಯನ್ನು ಪೆಟ್ಟಿಗೆಯಲ್ಲೇ ಬಿಟ್ಟು ಹೊರಟಿದ್ದೆ. ಅಲ್ಲಿ ಏಷ್ಯಾ ಖಂಡದ ಭಾಗದಲ್ಲಿ ಒಂದು ಊರನ್ನು ಕಟ್ಟಿದ್ದಾರೆ. ಅದರ ಹೆಸರು ಆನಂದಪುರ! ಫಲಕ ನೋಡಿ ನಾನೂ ನನ್ನಾಕೆಯೂ ಮುಖ ಮುಖ ನೋಡಿಕೊಂಡೆವು. ಸಾಗರಕ್ಕೂ ಶಿವಮೊಗ್ಗಕ್ಕೂ ನಡುವೆ ರೈಲು ನಿಲ್ಲುವ ನಮ್ಮ ಆನಂದಪುರದ ಬಸ್ ನಿಲ್ದಾಣದಲ್ಲಿ ನಾನು ಕಳೆದ ಗಂಟೆಗಳನ್ನು ಕೂಡಿಸಿದರೆ ವರ್ಷಗಳಾದಾವು. ಡಿಸ್ನಿಯವರ ಆನಂದಪುರ ಮಾತ್ರ ಯಾವ ನಕ್ಷೆಯಲ್ಲೂ ಇಲ್ಲದ ಕಲ್ಪಿತ ರಾಜ್ಯ. ಭಾರತ, ನೇಪಾಳ, ಥಾಯ್ಲೆಂಡ್ ಎಲ್ಲವನ್ನೂ ಕಲಸಿ ಮಾಡಿದ್ದು. ಸಿಪ್ಪೆ ಎದ್ದ ಗೋಡೆ, ಕೈಬರಹದ ಜಾಹೀರಾತು, ಗೋಡೆಗೆ ಒರಗಿಸಿದ ಹಳೆಯ ಸೈಕಲ್, ಪಾಳುಬಿದ್ದ ಅರಮನೆ. ನಾನು ಹತ್ತಿರ ಹೋಗಿ ಗೋಡೆಯನ್ನು ಮುಟ್ಟಿ ನೋಡಿದೆ. ಪಾಚಿಯೆಂದು ಕಂಡದ್ದು ಬಣ್ಣ. ನಮ್ಮ ಮನೆಯ ಗೋಡೆಗೆ ಪಾಚಿ ಹಿಡಿಯದಂತೆ ವರ್ಷ ವರ್ಷ ಸುಣ್ಣ ಬಳಿಯುವುದರಲ್ಲೇ ನನ್ನ ತಂದೆಯ ಆಯುಷ್ಯ ಕಳೆಯಿತು. ಇಲ್ಲಿ ಯಾರೋ ಕುಂಚ ಹಿಡಿದು, ಅಷ್ಟೇ ಶ್ರದ್ಧೆಯಿಂದ, ಪಾಚಿಯನ್ನು ಬರೆದಿದ್ದರು. ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯಲಿಲ್ಲ. ಬಡತನದ ಗುರುತುಗಳನ್ನು ಅಲಂಕಾರ ಮಾಡಿದ್ದಾರೆಂದು ಸೊಸೆ ಮುನಿಸಿಕೊಂಡಳು. "ಇಲ್ಲ, ಚೆನ್ನಾಗೇ ನೋಡಿಕೊಂಡು ಬಂದು ಮಾಡಿದಾರೆ. ಕರೆಂಟಿನ ತಂತಿ ಜೋತುಬಿದ್ದಿರೋದು ನೋಡು, ನಮ್ಮ ಬಸ್‌ಸ್ಟ್ಯಾಂಡೇ" ಎಂದ ಮಗ. ಅವನ ದನಿಯಲ್ಲಿ ಊರಿನ ಹಂಬಲವಿತ್ತು. ಹದಿನಾಲ್ಕು ವರ್ಷ ಊರು ಬಿಟ್ಟವನಿಗೆ ಬಣ್ಣದ ಪಾಚಿಯೂ ಸಾಕಾಗುತ್ತದೆಂದು ಆಗ ನನಗೆ ಹೊಳೆಯಿತು.

ಅದೇ ದಾರಿಯಲ್ಲಿ ದೊಡ್ಡ ಬಾವಲಿಗಳನ್ನು ಇಟ್ಟಿದ್ದಾರೆ. ಜನರು ಉಸಿರು ಬಿಗಿಹಿಡಿದು ನೋಡುತ್ತಿದ್ದರು. "ನಮ್ಮ ದೇವಸ್ಥಾನದ ಕೆರೆ ದಂಡೆಯ ಮರದಲ್ಲಿ ಇಂಥವು ಮುನ್ನೂರು ಇದ್ದಾವೆ, ಅಡಕೆ ಚೀಪಿ ಹಾಕ್ತಾವೆ" ಎಂದು ನನ್ನಾಕೆ ಪಕ್ಕದಲ್ಲಿ ನಿಂತಿದ್ದ ಅಮೆರಿಕದ ಅಜ್ಜಿಗೆ ಕನ್ನಡದಲ್ಲೇ ಹೇಳಿದಳು. ಆಕೆಯೂ ತಲೆಯಾಡಿಸಿದಳು. ಪಕ್ಕದ ನೀರಿನಾಟದ ಹೆಸರು 'ಕಾಲಿ ರಿವರ್ ರ್‍ಯಾಪಿಡ್ಸ್'. ಅದು ಕಾಳಿಯ ಹೆಸರೆಂದು ತಿಳಿದ ಕೂಡಲೇ ನನ್ನಾಕೆ, "ದೇವರ ಹೆಸರಿನ ನೀರಿಗೆ ಚಪ್ಪಲಿ ಹಾಕಿಕೊಂಡು ಇಳಿಯುವುದಿಲ್ಲ" ಎಂದು ಹಟ ಹಿಡಿದು ದಡದಲ್ಲೇ ಕುಳಿತಳು. ಉಳಿದ ಐವರೂ ತೊಯ್ದು ತೊಪ್ಪೆಯಾಗಿ ಬಂದೆವು.

ಮೂರನೆಯ ದಿನ ಎಪ್ಕಾಟ್. ಮೊಮ್ಮಗನಿಗೆ ಸ್ವಲ್ಪ ಜ್ವರ ಬಂದು ಮಧ್ಯಾಹ್ನವೇ ಹಿಂದಿರುಗಿದೆವು. ಬಿಸಿಲಿಗೆ ಹೊಳೆಯುವ ದೊಡ್ಡ ಗೋಲವೊಂದು ನೆನಪಿದೆ, ಅಷ್ಟೇ.

ನಾಲ್ಕನೆಯ ದಿನ ಮತ್ತೆ ಮ್ಯಾಜಿಕ್ ಕಿಂಗ್‌ಡಮ್. ಅಂದು ನನ್ನಾಕೆಯ ಕಾಲು ನೋಯುತ್ತಿತ್ತು, ಕುಳಿತು ನೋಡುವಂಥದ್ದು ಏನಾದರೂ ಇದೆಯೇ ಎಂದಳು. 'ಕರೌಸೆಲ್ ಆಫ್ ಪ್ರೋಗ್ರೆಸ್' ಎಂಬ ನಾಟಕಶಾಲೆಗೆ ಹೋದೆವು. ರಂಗ ನಿಂತಲ್ಲೇ ಇರುತ್ತದೆ, ಪ್ರೇಕ್ಷಕರು ಕುಳಿತ ಆಸನಗಳೇ ಅದರ ಸುತ್ತ ತಿರುಗುತ್ತವೆ. ಜನರಲ್ ಎಲೆಕ್ಟ್ರಿಕ್ ಕಂಪನಿಗಾಗಿ ವಾಲ್ಟ್ ಡಿಸ್ನಿ 1964ರ ನ್ಯೂಯಾರ್ಕ್ ವಿಶ್ವಮೇಳಕ್ಕೆ ಮಾಡಿಸಿದ್ದು. 1975ರಿಂದ ಇಲ್ಲಿದೆ. ಯಂತ್ರದ ಗೊಂಬೆಗಳ ಒಂದು ಕುಟುಂಬ, ವಿದ್ಯುತ್ತು ಬಂದಂತೆಲ್ಲ ತಮ್ಮ ಮನೆ ಹೇಗೆ ಬದಲಾಯಿತೆಂದು ತೋರಿಸುತ್ತದೆ. ಮೊದಲ ದೃಶ್ಯ ಇಪ್ಪತ್ತನೆಯ ಶತಮಾನದ ಆರಂಭದ್ದು. ಕಟ್ಟಿಗೆ ಒಲೆ, ಕೈಪಂಪು, ದೀಪದ ಬೆಳಕು. ನನ್ನಾಕೆ ನನ್ನ ಮೊಣಕೈ ತಿವಿದು, "ನಾನು ಮದುವೆಯಾಗಿ ಬಂದಾಗ ನಿಮ್ಮ ಮನೆ ಇದಕ್ಕಿಂತ ಹಿಂದಿತ್ತು. ಪಂಪೂ ಇರಲಿಲ್ಲ" ಎಂದಳು. ನಮ್ಮ ಮನೆಗೆ ವಿದ್ಯುತ್ತು ಬಂದದ್ದು 1979ರಲ್ಲಿ.

ಈ ಮಾತಿನ ಹಿಂದೆ ಇನ್ನೊಂದು ಮಾತಿತ್ತು. ನನ್ನಾಕೆ ಮುಳುಗಡೆಯವಳು. ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡದ್ದೂ 1964ರಲ್ಲೇ. ಅವಳ ತವರಿನ ಮನೆ, ತೋಟ, ಗದ್ದೆ ಎಲ್ಲ ಶರಾವತಿಯ ಹಿನ್ನೀರಿನ ಕೆಳಗೆ ಹೋದವು. ಆ ನೀರಿನಿಂದ ಹುಟ್ಟಿದ ಬೆಳಕು ಬೆಂಗಳೂರಿಗೆ ಹೋಯಿತು. ಮುಳುಗಡೆಯವರು ಎಷ್ಟೋ ವರ್ಷ ಬುಡ್ಡಿದೀಪದಲ್ಲೇ ಇದ್ದರು. ಆ ಗೊಂಬೆಗಳು ವಿದ್ಯುತ್ತನ್ನು ಹೊಗಳುವಾಗ ಅವಳಿಗೆ ಬೇಸರವಾದೀತೆಂದು ನಾನು ಓರೆಗಣ್ಣಿನಿಂದ ನೋಡಿದೆ. ಅವಳು ನಗುತ್ತಿದ್ದಳು. ಕೊನೆಯ ದೃಶ್ಯದಲ್ಲಿ ಗೊಂಬೆ ಅಜ್ಜಿ ಕಣ್ಣಿಗೆ ಯಂತ್ರ ಕಟ್ಟಿಕೊಂಡು ಆಟವಾಡಿ ಮೊಮ್ಮಕ್ಕಳನ್ನೇ ಮೀರಿಸುವಾಗ ಚಪ್ಪಾಳೆ ತಟ್ಟಿದಳು. "ಇನ್ನೊಮ್ಮೆ ನೋಡುವಾ" ಎಂದಳು. ಇನ್ನೊಮ್ಮೆ ನೋಡಿದೆವು.

ಆಮೇಲೆ ನಾವಿಬ್ಬರೇ ಚಕ್ರದ ಹಡಗನ್ನು ಹತ್ತಿದೆವು. ಹಳೆಯ ಕಾಲದ ಉಗಿ ಹಡಗಿನ ಮಾದರಿ. ಹಿಂಬದಿಯಲ್ಲಿ ದೊಡ್ಡ ಕೆಂಪು ಚಕ್ರ ನೀರನ್ನು ಬಡಿಯುತ್ತಿತ್ತು. ಒಂದು ದ್ವೀಪವನ್ನು ಸುತ್ತಿ ಅದೇ ಕಟ್ಟೆಗೆ ತಂದು ಬಿಡುತ್ತಿತ್ತು. "ಸಿಗಂದೂರಿನ ಲಾಂಚಿನ ಹಾಗೇ ಇದೆ" ಎಂದಳು. ದಾರಿ ತಪ್ಪದೆ ಹೇಗೆ ಹೋಗುತ್ತದೆಂದು ಕೇಳಿದ್ದಕ್ಕೆ, ನೀರಿನಡಿಯಲ್ಲಿ ಹಳಿ ಇದೆ, ಅದರ ಮೇಲೇ ಹೋಗುವುದೆಂದೆ. ಅವಳು ಕಟಾಂಜನಕ್ಕೆ ಒರಗಿ ಸ್ವಲ್ಪ ಹೊತ್ತು ಕೆಳಗೆ ನೋಡಿ, "ನಮ್ಮೂರಿನ ರಸ್ತೆಯೂ ಹೀಗೇ ನೀರಿನಡಿಗೇ ಇದೆ" ಎಂದಳು. ದುಃಖದಿಂದ ಹೇಳಿದ್ದಲ್ಲ, ಸುಮ್ಮನೆ ಮಾಹಿತಿ ಕೊಟ್ಟ ಹಾಗೆ. ನಾಲ್ಕು ದಿನಗಳಲ್ಲಿ ನಾನು ಏನನ್ನೂ ಗುಣಿಸದೆ ಕುಳಿತ ಹೊತ್ತು ಅದೊಂದೇ.

ಸಂಜೆ 'ಸ್ಪೇಸ್ ಮೌಂಟನ್'. ಕತ್ತಲೆಯ ಗುಮ್ಮಟದೊಳಗೆ ಹಳಿಯ ಮೇಲೆ ಏರಿಳಿಯುವ ಗಾಡಿ. ಹತ್ತಬೇಕಾದರೆ ನಲವತ್ನಾಲ್ಕು ಇಂಚು ಎತ್ತರವಿರಬೇಕು. ಮೊಮ್ಮಗ ಅಳತೆಯ ಕೋಲಿನ ಕೆಳಗೆ ತುದಿಗಾಲಿನಲ್ಲಿ ನಿಂತರೂ ಒಂದು ಇಂಚು ಕಡಿಮೆ ಬಿದ್ದ. ತುಟಿ ಕಚ್ಚಿಕೊಂಡು, ಒಂದು ಮಾತೂ ಆಡದೆ, ಇತರ ಮಕ್ಕಳು ಒಳಗೆ ಹೋಗುವುದನ್ನೇ ನೋಡತೊಡಗಿದ. ಆ ನೋಟವನ್ನು ನಾನು ಹಿಂದೆ ಕಂಡಿದ್ದೆ. ಅಜ್ಜಿ ಅವನನ್ನು ಎತ್ತಿಕೊಂಡು ಐಸ್‌ಕ್ರೀಮಿನ ಗಾಡಿಯತ್ತ ಹೊರಟಳು.

ಮಗನ ಕೈಯಲ್ಲಿ ಸಾಲು ತಪ್ಪಿಸುವ ಚೀಟಿಗಳಿದ್ದವು. (ಆಗ ಅವನ್ನು ಯಂತ್ರವೊಂದು ಉಚಿತವಾಗಿಯೇ ಕೊಡುತ್ತಿತ್ತು. 2021ರಿಂದ ಅಂಥ ಅನುಕೂಲಕ್ಕೆ ಬೇರೆ ಹಣ ತೆರಬೇಕು. ವಿದ್ಯಾರ್ಥಿ ಮಿತ್ರನು ಇದನ್ನು ಗಮನಿಸಲಿ.) ಒಂದು ಚೀಟಿ ಹೆಚ್ಚಾಗಿತ್ತು. "ನಾನು ಬರಲೇನೋ?" ಎಂದೆ. ಅವನು ನನ್ನ ಮುಖ ನೋಡಿದ. "ಅಪ್ಪಾ, ತಲೆ ತಿರುಗುತ್ತೆ." "ತಿರುಗಲಿ ಬಿಡು" ಎಂದೆ.

ಆ ಗಾಡಿಯಲ್ಲಿ ಒಬ್ಬರ ಪಕ್ಕ ಒಬ್ಬರು ಕೂರುವುದಿಲ್ಲ, ಒಬ್ಬರ ಹಿಂದೆ ಒಬ್ಬರು. ಮೊದಲು ಮೊಮ್ಮಗಳು, ಅವಳ ಹಿಂದೆ ಮಗ, ಅವನ ಹಿಂದೆ ನಾನು. ಕತ್ತಲಿನಲ್ಲಿ ಮುಂದಿನ ತಿರುವು ಎಡಕ್ಕೋ ಬಲಕ್ಕೋ ಕಾಣದೆ ಹೊಟ್ಟೆ ಬಾಯಿಗೆ ಬಂತು. ಆಮೇಲೆ ಓದಿ ತಿಳಿದೆ, ಅದರ ವೇಗ ಗಂಟೆಗೆ ನಲವತ್ತೈದು ಕಿಲೋಮೀಟರ್ ಮಾತ್ರ. ನಮ್ಮ ಬಸ್ಸುಗಳು ಇದಕ್ಕಿಂತ ಜೋರಾಗಿಯೇ ಓಡುತ್ತವೆ. ಕಣ್ಣಿಗೆ ಆಧಾರ ಸಿಗದಿದ್ದಾಗ ವೇಗ ಎಷ್ಟು ಹೆಚ್ಚೆನಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗವಿಲ್ಲ. ಆದರೆ ಒಳಗಿದ್ದಾಗ ಭೌತಶಾಸ್ತ್ರ ಯಾರಿಗೆ ನೆನಪಾಗುತ್ತದೆ? ಕೈ ಚಾಚಬಾರದೆಂದು ಹೇಳಿದ್ದರೂ, ಒಂದು ಇಳಿಜಾರಿನಲ್ಲಿ ಮುಂದಿದ್ದ ಮಗನ ಭುಜವನ್ನು ಹಿಡಿದುಕೊಂಡೆ. ಇಳಿದ ಮೇಲೆ ಅವನು ಅಂಗಿಯ ಹೆಗಲನ್ನು ನೇರ ಮಾಡಿಕೊಳ್ಳುತ್ತ, "ಹೆಂಗಿತ್ತು?" ಎಂದ. "ಎಂಟಾಣೆಗೆ ಮೋಸವಿಲ್ಲ" ಎಂದೆ. ಅವನು ನಕ್ಕ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಬಹಳ ಹೊತ್ತು ನಿಂತ. ಇಬ್ಬರೂ ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಈ ಲೇಖನ ಬರೆಯುವ ಮುನ್ನ ಎಲ್ಲರನ್ನೂ ಫೋನಿನಲ್ಲಿ ಕೇಳಿದೆ, ಆ ಪ್ರವಾಸದಲ್ಲಿ ನಿಮಗೆ ಏನು ನೆನಪಿದೆ ಎಂದು. ಮೊಮ್ಮಗನಿಗೆ ನೆನಪಿರುವುದು ವಸತಿಗೃಹದ ಈಜುಕೊಳ ಮತ್ತು ಅದರ ಬಳಿ ಬರುತ್ತಿದ್ದ ಒಂದು ಬಾತುಕೋಳಿ. ಡಿಸ್ನಿಯದು ಏನೂ ಇಲ್ಲ! ಮೊಮ್ಮಗಳ ಬಳಿ ಹಸ್ತಾಕ್ಷರದ ಪುಸ್ತಕ ಈಗಲೂ ಇದೆ. ಅದರ ಕೊನೆಯ ಪುಟದಲ್ಲಿ ಅಜ್ಜಿಯ ಕನ್ನಡದ ಸಹಿಯೂ ಇದೆಯಂತೆ, ನನಗೆ ಗೊತ್ತಿರಲಿಲ್ಲ. ಸೊಸೆ, "ನನಗೆ ಕಾಲುನೋವು, ಮಗುವಿನ ಜ್ವರ ಬಿಟ್ಟರೆ ಏನೂ ನೆನಪಿಲ್ಲ ಮಾವ, ಮತ್ತೆ ಕರೆದರೆ ಬರೋದಿಲ್ಲ" ಎಂದು ನೇರವಾಗಿ ಹೇಳಿದಳು. ಮತ್ತೆ ಸ್ವಲ್ಪ ತಡೆದು, "ಆ ಬಲೂನು ಕೊಡಿಸಬೇಕಿತ್ತು" ಎಂದಳು. ಮಗ ಏನೂ ಹೇಳಲಿಲ್ಲ, ಹಡಗಿನ ಸುದ್ದಿ ಎತ್ತಿದ. 2025ರ ಜುಲೈನಲ್ಲಿ ಆ ಚಕ್ರದ ಹಡಗನ್ನೂ ಅದು ಸುತ್ತುತ್ತಿದ್ದ ನದಿಯನ್ನೂ ಶಾಶ್ವತವಾಗಿ ಮುಚ್ಚಿದ್ದಾರೆ, ಅಲ್ಲಿ ಕಾರುಗಳ ಆಟ ಬರುತ್ತದಂತೆ. ಅದೇ ಜುಲೈ 14ರಂದು ನಮ್ಮಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಹಿನ್ನೀರಿನ ಮೇಲೆ ಸೇತುವೆ ಉದ್ಘಾಟನೆಯಾಯಿತು. ಸಿಗಂದೂರಿಗೆ ಹೋಗಲು ಇನ್ನು ಲಾಂಚಿಗೆ ಕಾಯಬೇಕಾಗಿಲ್ಲ.

ನನ್ನಾಕೆ ಎರಡನ್ನೂ ನೋಡಲಿಲ್ಲ. 2016ರಲ್ಲೇ ತೀರಿಕೊಂಡಳು.

ಕಳೆದ ಡಿಸೆಂಬರಿನಲ್ಲಿ ಮಗ ಊರಿಗೆ ಬಂದಿದ್ದಾಗ ಇಬ್ಬರೂ ಆ ಸೇತುವೆಯ ಮೇಲೆ ಹೋದೆವು. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಮಾತು ಮುಗಿಯುವುದರೊಳಗೆ ದಾಟಿಬಿಡುತ್ತೇವೆ. ಆಚೆ ದಡದಲ್ಲಿ ಕಾರು ನಿಲ್ಲಿಸಿ ಇಳಿದೆವು. "ಅಮ್ಮನ ಮನೆ ಎಲ್ಲಿತ್ತು ಅಪ್ಪಾ?" ಎಂದು ಕೇಳಿದ. ನೀರಿನ ನಡುವೆ ನಿಂತ ಒಂದು ನಡುಗಡ್ಡೆಯ ಎಡಕ್ಕೆ ಕೈ ತೋರಿಸಿದೆ. ಪಕ್ಕದಲ್ಲಿ ಒಬ್ಬ ಹುಡುಗ ಕಡಲೆಕಾಯಿ ಮಾರುತ್ತಿದ್ದ. ಮಗ ಎರಡು ಪೊಟ್ಟಣ ಕೊಂಡ. ಎಷ್ಟೆಂದು ನಾನು ಕೇಳಲಿಲ್ಲ.